ಸಾಲ್ಮೊನೆಲ್ಲಾ ಮೂಳೆಮಜ್ಜೆ ಉರಿಯೂತ

ಕಲುಷಿತ ಆಹಾರ, ನೀರಿನೊಡನೆ ಕರುಳು ಸೇರುವ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ರಕ್ತದ ಮೂಲಕ ಮೂಳೆಗೆ ಹರಡಿ ಉಂಟುಮಾಡುವ ವಿರಳ ಸೋಂಕು. ಅರೆಬೆಂದ ಮೊಟ್ಟೆ, ಕೋಳಿಮಾಂಸ, ಕಾಯಿಸದ ಹಾಲು ಇದರ ಸಾಮಾನ್ಯ ಮೂಲಗಳು.

ಕುಡುಗೋಲು ಕಣ ರಕ್ತಹೀನತೆ ಇರುವವರಿಗೆ ಅಪಾಯ ಹೆಚ್ಚು. ಈ ಕಾಯಿಲೆಯಲ್ಲಿ ಕುಡುಗೋಲಿನಂತೆ ಬಾಗಿದ ಕೆಂಪುಕಣಗಳು ಕಿರುರಕ್ತನಾಳಗಳನ್ನು ಮುಚ್ಚಿ ಕರುಳಿನ ಒಳಪದರಕ್ಕೆ ಘಾಸಿ ಮಾಡುವುದರಿಂದ ರೋಗಾಣು ರಕ್ತಕ್ಕೆ ನುಸುಳುತ್ತದೆ. ಬಳಿಕ ಅದು ರಕ್ತ ಸಿಗದೆ ಸತ್ತ ಮಜ್ಜೆಯಲ್ಲಿ ನೆಲೆಯೂರುತ್ತದೆ. ಚಾಮರಾಜನಗರದ ಸೋಲಿಗರಂಥ ಬುಡಕಟ್ಟುಗಳಲ್ಲಿ ಈ ಆನುವಂಶಿಕ ಕಾಯಿಲೆ ಇರುವುದರಿಂದ ಕರ್ನಾಟಕದ ವೈದ್ಯರು ಈ ಸೋಂಕನ್ನು ಮರೆಯುವಂತಿಲ್ಲ.

ಜ್ವರ, ಮೂಳೆನೋವು, ಬಾವು ಮುಖ್ಯ ಲಕ್ಷಣಗಳು. ಇವು ಕುಡುಗೋಲು ಕಣ ರಕ್ತಹೀನತೆಯಲ್ಲಿ ಬರುವ ನೋವಿನ ಬಿಕ್ಕಟ್ಟನ್ನೇ ಹೋಲುವುದರಿಂದ ರಕ್ತ ಅಥವಾ ಮೂಳೆಮಾದರಿಯ ಕಲ್ಚರ್ ಪರೀಕ್ಷೆ ಅಗತ್ಯ. ಸೆಫ್ಟ್ರಿಯಾಕ್ಸೋನ್‌ನಂಥ ಪ್ರತಿಜೀವಕಗಳನ್ನು ಸಾಮಾನ್ಯವಾಗಿ 4ರಿಂದ 6 ವಾರ ಕೊಡುತ್ತಾರೆ; ಕೀವು ತುಂಬಿದ್ದರೆ ಶಸ್ತ್ರಕ್ರಿಯೆ ಬೇಕಾಗಬಹುದು. ಚೆನ್ನಾಗಿ ಬೇಯಿಸಿದ ಆಹಾರ, ಶುದ್ಧ ನೀರು, ಕೈತೊಳೆಯುವ ಅಭ್ಯಾಸ ಸೋಂಕನ್ನು ತಡೆಯುತ್ತವೆ.