ಮೇ ತಿಂಗಳ ಮಧ್ಯಾಹ್ನಕ್ಕೂ ನಿಲ್ಲುವ ವೇಗ

ಪ್ರೊಸೆಸರನ್ನು ನಿಗದಿತ ವೇಗಕ್ಕಿಂತ ಹೆಚ್ಚು ಓಡಿಸುವ ಓವರ್‌ಕ್ಲಾಕಿಂಗ್ ಕಾಲ ಮುಗಿಯಿತು ಎಂದು ಈಗ ಬರೆಯುವವರು ಹೆಚ್ಚಾಗಿದ್ದಾರೆ. ಪ್ರೊಸೆಸರ್ ತಾನೇ ವೇಗ ಏರಿಸಿಕೊಳ್ಳುತ್ತದೆ, ಕೈ ಹಾಕುವುದು ಏಕೆ ಎನ್ನುತ್ತಾರೆ. ಇತಿಹಾಸ ಹೇಳಬೇಕಾದಾಗ ದಾಖಲೆಗಳನ್ನು ಮುಂದಿಡುತ್ತಾರೆ: 2011ರಲ್ಲಿ ಎಎಂಡಿಯ ಎಫ್‌ಎಕ್ಸ್ ಪ್ರೊಸೆಸರನ್ನು ದ್ರವ ಹೀಲಿಯಂನಲ್ಲಿ ತಣಿಸಿ 8.429 ಗಿಗಾಹರ್ಟ್ಸ್ ಮುಟ್ಟಿದ್ದು, ಅಂಥವೇ. ಗದಗ-ಬೆಟಗೇರಿಯ ಡಿಟಿಪಿ ಕೋಣೆಗೆ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯ ಫೋಟೊ ಸ್ಟುಡಿಯೋಗಳಿಗೆ ಆ ಅಂಕಿಯಿಂದ ಏನೂ ಸಿಗಲಿಲ್ಲ. ಅಗ್ಗದ ಅಸೆಂಬಲ್ಡ್ ಮಷಿನ್ನಿನಿಂದ ಹೆಚ್ಚು ಕೆಲಸ ತೆಗೆಯಬೇಕಾದವರ ಮೇಜುಗಳ ಮೇಲೆ ಬೆಳೆದ ವಿದ್ಯೆಯ ಕಥೆಯೇ ಬೇರೆ.

ಮೊದಲ ಘಟ್ಟವನ್ನು ಬೇಗ ದಾಟಬಹುದು. 4.77 ಮೆಗಾಹರ್ಟ್ಸ್‌ನ ಐಬಿಎಂ ಪಿಸಿ ಕಾಲದಲ್ಲಿ ಬೋರ್ಡಿನ ಕ್ರಿಸ್ಟಲ್ ಕಿತ್ತು ಬೇರೆಯದನ್ನು ಬೆಸುಗೆ ಹಾಕುತ್ತಿದ್ದರು. 486ರ ಕಾಲಕ್ಕೆ ಜಂಪರ್ ಬಂತು; 33ರ ಚಿಪ್ಪನ್ನು 40ಕ್ಕೆ ಓಡಿಸುವುದು ಸುಲಭವಾಯಿತು.

ನಿಜವಾದ ತಿರುವು 1998ರ ಸೆಲೆರಾನ್ 300ಎ. ಬಸ್ಸಿನ ವೇಗವನ್ನು ಗುಣಿಸಿ ಚಿಪ್ಪಿನ ವೇಗ ಕೊಡುವ ಗುಣಕಕ್ಕೆ ನಾಲ್ಕೂವರೆಯಲ್ಲಿ ಬೀಗ ಹಾಕಿದ್ದರೂ ಬಸ್ಸನ್ನು 66ರಿಂದ 100 ಮೆಗಾಹರ್ಟ್ಸ್‌ಗೆ ಏರಿಸಿದರೆ 300ರ ಚಿಪ್ 450ಕ್ಕೆ ಓಡುತ್ತಿತ್ತು. 128 ಕಿಲೋಬೈಟ್ ಕ್ಯಾಶ್ ಚಿಪ್ಪಿನೊಳಗೇ ಇದ್ದುದರಿಂದ ದುಬಾರಿ ಪೆಂಟಿಯಂಗೆ ಅದು ಸಾಟಿಯಾಗಿ ನಿಂತಿತು. ಅಬಿಟ್ ಬಿಎಚ್6 ಬೋರ್ಡಿನಲ್ಲಿ ಇದನ್ನೆಲ್ಲ ಬಯೋಸ್‌ನಲ್ಲೇ ಮಾಡಬಹುದಿತ್ತು. ಆ ಚಿಪ್ ಕಲಿಸಿದ ದೊಡ್ಡ ಪಾಠವನ್ನು ಮಾತ್ರ ಈಗಿನ ಲೇಖನಗಳು ಬಿಟ್ಟೇಬಿಡುತ್ತವೆ. ಬಸ್ 83ಕ್ಕೆ ಹೋದರೆ ಡಿಸ್ಕಿನ ದತ್ತಾಂಶ ಸಾಗುವ ಪಿಸಿಐ ದಾರಿ ಅದರ ಅರ್ಧಕ್ಕೆ, ಅಂದರೆ 41ರ ಮೇಲೆ ಓಡಿ ಹಾರ್ಡ್‌ಡಿಸ್ಕಿನ ಫೈಲುಗಳು ಕೆಡುತ್ತಿದ್ದವು. 100ಕ್ಕೆ ಹೋದರೆ ಪಿಸಿಐ ಅದರ ಮೂರನೇ ಒಂದು ಭಾಗವಾಗಿ ತನ್ನ ನಿಗದಿತ 33ಕ್ಕೆ ಬರುತ್ತಿತ್ತು. ಡಿಸ್ಕಿನ ಮಟ್ಟಿಗೆ 100ಕ್ಕಿಂತ 83ರ ಕಡಿಮೆ ವೇಗವೇ ಹೆಚ್ಚು ಅಪಾಯಕಾರಿಯಾಗಿತ್ತು. ಹ್ಯಾಂಗ್ ಆದರೆ ಕಣ್ಣಿಗೆ ಕಾಣುತ್ತದೆ. ಪೇಜ್‌ಮೇಕರ್‌ನಲ್ಲಿ ಸಿದ್ಧವಾದ ಪಂಚಾಂಗದ ಫೈಲು ಸದ್ದಿಲ್ಲದೆ ಕೆಟ್ಟರೆ ಪ್ಲೇಟ್ ಮಾಡುವವರೆಗೂ ಗೊತ್ತಾಗುವುದಿಲ್ಲ. ಮುದ್ರಣ ಕಾಶಿ ಎನಿಸಿಕೊಂಡ ಗದಗದಲ್ಲಿ ಇದಕ್ಕಿಂತ ದೊಡ್ಡ ನಷ್ಟ ಯಾವುದು?

ನಮ್ಮ ತಲೆಮಾರಿನ ಶಿಸ್ತು ಹುಟ್ಟಿದ್ದು ಇಲ್ಲಿಂದ. ಒಂದು ಸಲಕ್ಕೆ ಒಂದೇ ಬದಲಾವಣೆ. ಮೊದಲು ಮೆಮ್‌ಟೆಸ್ಟ್, ಆಮೇಲೆ ರಾತ್ರಿಯಿಡೀ ಪ್ರೈಮ್95. ಒಂದೇ ಒಂದು ತಪ್ಪು ಬಂದರೂ ಹಿಂದಿನ ಹೆಜ್ಜೆಗೆ ವಾಪಸ್ಸು. 2000ದಲ್ಲಿ ಡ್ಯೂರಾನ್, ಅಥ್ಲಾನ್ ಚಿಪ್ಪುಗಳ ಸೇತುಗಳನ್ನು ಪೆನ್ಸಿಲ್ ಗೀರಿನಿಂದ ಜೋಡಿಸಿ ಗುಣಕ ಬಿಡಿಸಿದ್ದೂ ಇದೇ ಶಿಸ್ತಿನಲ್ಲಿ. ಮುಂದೆ ಕೋರ್ 2 ಕ್ವಾಡ್ ಕ್ಯೂ6600 ಬಂದಾಗ 2.4ರಿಂದ 3 ಗಿಗಾಹರ್ಟ್ಸ್ ತಲುಪಲು ಬಸ್ಸನ್ನು 266ರಿಂದ 333ಕ್ಕೆ ಒಯ್ದರೆ ಸಾಕಿತ್ತು. 3.6ರ ಆಸೆಗೆ ವೋಲ್ಟೇಜ್ ಏರಿಸಿದವರಿಗಿಂತ 3ರಲ್ಲೇ ನಿಲ್ಲಿಸಿದವರೇ ಜಾಣರೆಂದು ನನ್ನ ಖಚಿತ ಅಭಿಪ್ರಾಯ. ಚಿಪ್ಪು ಸುಡುವ ವಿದ್ಯುತ್ತು ವೇಗಕ್ಕೆ ನೇರವಾಗಿ ಏರಿದರೆ ವೋಲ್ಟೇಜಿಗೆ ವರ್ಗದ ಲೆಕ್ಕದಲ್ಲಿ ಏರುತ್ತದೆ. ವೇಗವನ್ನು ನೂರಕ್ಕೆ ಹತ್ತು ಹೆಚ್ಚಿಸಲು ವೋಲ್ಟೇಜನ್ನು 1.20ರಿಂದ 1.35ಕ್ಕೆ ಒಯ್ದರೆ ಶಾಖ ಸುಮಾರು ನೂರಕ್ಕೆ ನಲವತ್ತು ಹೆಚ್ಚುತ್ತದೆ. ಆ ಹೊರೆ ಅಗ್ಗದ ಎಸ್‌ಎಂಪಿಎಸ್ ಮೇಲೂ, ಕರೆಂಟ್ ಹೋದಾಗ ಚಿಕ್ಕ ಯುಪಿಎಸ್ ಮೇಲೂ ಬೀಳುತ್ತದೆ.

ಗಾಳಿಯಿಂದ ತಣಿಸುವ ಯಾವ ಕೂಲರ್ ಕೂಡ ಕೋಣೆಗಿಂತ ತಣ್ಣಗೆ ಮಾಡಲಾರದು. 24 ಡಿಗ್ರಿ ಕೋಣೆಯಲ್ಲಿ 75ಕ್ಕೆ ನಿಲ್ಲುವ ಪ್ರೊಸೆಸರ್, 38 ಡಿಗ್ರಿಯ ಕೋಣೆಯಲ್ಲಿ ಅದೇ ಕೆಲಸಕ್ಕೆ 90ರ ಹತ್ತಿರ ಹೋಗುತ್ತದೆ. ಎಸಿ ಕೋಣೆಯ ಅಂಕಿಗಳನ್ನು ನೋಡಿ ಡಿಸೆಂಬರಿನಲ್ಲಿ ಸೆಟ್ ಮಾಡಿದ ಮಷಿನ್ನು ಮೇ ತಿಂಗಳ ಮಧ್ಯಾಹ್ನ, ಮದುವೆ ವಿಡಿಯೋ ರೆಂಡರಿಂಗ್ ನಡುವೆ ಕೈಕೊಡುವುದು ಇದರಿಂದಲೇ. ಎರೆಮಣ್ಣಿನ ಧೂಳು, ಹತ್ತಿಯ ನಾರು ಹೀಟ್‌ಸಿಂಕಿನ ಸಂದಿಗಳನ್ನು ಕಟ್ಟಿದರೆ ಇನ್ನಷ್ಟು ಡಿಗ್ರಿ ಸೇರುತ್ತವೆ. ಬೇಸಿಗೆಗೆ ಮುಂಚೆ ಬ್ಲೋವರ್ ಹೊಡೆದು, ಪೇಸ್ಟ್ ಬದಲಿಸಿ, ಮಧ್ಯಾಹ್ನದ ಹೊತ್ತಿನಲ್ಲೇ ಮತ್ತೆ ಪರೀಕ್ಷಿಸಬೇಕು.

2011ರ ಜನವರಿಯಲ್ಲಿ ಬಂದ ಸ್ಯಾಂಡಿಬ್ರಿಡ್ಜ್ ಬಸ್ಸಿನ ದಾರಿಯನ್ನು ಬಹುಮಟ್ಟಿಗೆ ಮುಚ್ಚಿತು. 2500ಕೆ ಥರದ ಕೆ ಮಾದರಿಗೂ ತಕ್ಕ ಬೋರ್ಡಿಗೂ ಹೆಚ್ಚು ಹಣ ಕೊಟ್ಟವರಿಗಷ್ಟೇ ಬಾಗಿಲು ತೆರೆಯಿತು. ಬಡವರ ವಿದ್ಯೆ ಶ್ರೀಮಂತರ ಹವ್ಯಾಸವಾಯಿತು. 2017ರ ರೈಜೆನ್ ಚಿಪ್ಪುಗಳು ಎಲ್ಲವೂ ಬೀಗವಿಲ್ಲದೆ, ಮಧ್ಯಮ ಬೆಲೆಯ ಬಿ350 ಬೋರ್ಡಿನಲ್ಲೂ ಏರಿಸುವಂತೆ ಬಂದಾಗ ಆ ಅನ್ಯಾಯ ಸ್ವಲ್ಪ ಸರಿಹೋಯಿತು.

ತಯಾರಕರೇ ಅಂಚಿನವರೆಗೆ ಏರಿಸಿ ಮಾರುವುದು ಈಗಿನ ಘಟ್ಟ. ಅದು ಹೊಸದೇನಲ್ಲ. 2000ದಲ್ಲಿ ಇಂಟೆಲ್ 1.13 ಗಿಗಾಹರ್ಟ್ಸ್‌ನ ಪೆಂಟಿಯಂ 3 ಅನ್ನು ಅಸ್ಥಿರವೆಂದು ಹಿಂದಕ್ಕೆ ಕರೆಸಿಕೊಂಡಿತ್ತು. 2024ರಲ್ಲಿ ಇಂಟೆಲ್‌ನದೇ 13 ಮತ್ತು 14ನೇ ತಲೆಮಾರಿನ ಚಿಪ್ಪುಗಳು ಅತಿ ವೋಲ್ಟೇಜಿನಿಂದ ಕೆಡತೊಡಗಿದಾಗ 1.55 ವೋಲ್ಟ್ ಮಿತಿ ಹಾಕುವ ಮೈಕ್ರೋಕೋಡ್ ಬಿಟ್ಟು, ವಾರಂಟಿಯನ್ನು ಎರಡು ವರ್ಷ ವಿಸ್ತರಿಸಬೇಕಾಯಿತು. ಕೈ ಹಾಕದಿದ್ದರೆ ಸುರಕ್ಷಿತ ಎಂಬ ಮಾತು ಅಲ್ಲಿಗೇ ಬಿದ್ದುಹೋಯಿತು. ಇವತ್ತಿನ ಸರಿಯಾದ ಓವರ್‌ಕ್ಲಾಕಿಂಗ್ ವೋಲ್ಟೇಜ್ ಇಳಿಸುವುದರಿಂದ ಶುರುವಾಗುತ್ತದೆ. ರೈಜೆನ್ 5000ದ ಜೊತೆ ಬಂದ ಕರ್ವ್ ಆಪ್ಟಿಮೈಜರ್‌ನಲ್ಲಿ ಒಂದೊಂದೇ ಹೆಜ್ಜೆ ಕೆಳಗಿಳಿದರೆ ಉಳಿದ ಶಾಖದ ಜಾಗದಲ್ಲಿ ಚಿಪ್ ತಾನೇ ಮೇಲೇರುತ್ತದೆ. ಇದಕ್ಕೂ ರಾತ್ರಿಯಿಡೀ ಪರೀಕ್ಷೆ ಬೇಕು. ಇದರಿಂದಲೂ ವಾರಂಟಿಗೆ ತೊಡಕಾಗಬಹುದು, ಅದನ್ನು ಗ್ರಾಹಕರಿಗೆ ಮೊದಲೇ ಹೇಳಬೇಕು.

ಇಷ್ಟೆಲ್ಲ ಅನುಭವ ನಮ್ಮಲ್ಲಿ ಬಾಯಿಂದ ಬಾಯಿಗೆ ಮಾತ್ರ ಬಂದಿದೆ. ಯಾವ ಕೂಲರ್, ಎಷ್ಟು ವೋಲ್ಟೇಜ್, ಕೋಣೆಯ ಉಷ್ಣತೆ ಎಷ್ಟು, ಎಷ್ಟು ತಿಂಗಳಿಗೆ ಧೂಳು ಕಟ್ಟಿತು ಎಂದು ಅಂಗಡಿಯವರು ಬರೆದಿಡಲಿಲ್ಲ. ಕಂಪ್ಯೂಟರ್ ಹಾರ್ಡ್‌ವೇರ್ ಪಾಠವೂ ಈ ಕಡೆ ಹೊರಳಲಿಲ್ಲ. ಗದಗದ ತೋಂಟದಾರ್ಯ ಇಂಜಿನಿಯರಿಂಗ್ ಕಾಲೇಜಿನಂಥ ಕಡೆ ಎಸಿ ಇಲ್ಲದ ಕೋಣೆಯಲ್ಲಿ ಎರಡು ಮಾಮೂಲಿ ಮಷಿನ್ನುಗಳನ್ನಿಟ್ಟು, ಒಂದನ್ನು ಕಂಪನಿ ಸೆಟ್ಟಿಂಗಿನಲ್ಲೂ ಇನ್ನೊಂದನ್ನು ವೋಲ್ಟೇಜ್ ಇಳಿಸಿಯೂ ಓಡಿಸಿ, ಶಿವರಾತ್ರಿಯಿಂದ ಮಳೆಗಾಲದವರೆಗೆ ಗಂಟೆಗೊಮ್ಮೆ ಉಷ್ಣತೆ ದಾಖಲಿಸುವುದು ವಿದ್ಯಾರ್ಥಿಗಳ ಒಂದು ವರ್ಷದ ಪ್ರಾಜೆಕ್ಟಿಗೆ ಸಾಕಾಗುವ ಕೆಲಸ.