ಕುರ್ಲಾದ ಕಾರು, ಕುರ್ಲಾದ ಗುಜರಿ

ಮುಂಬಯಿಗೆ ಹೊಟ್ಟೆಪಾಡಿಗೆಂದು ಬಂದ ಕನ್ನಡಿಗರಲ್ಲಿ, ಕಪ್ಪು-ಹಳದಿ ಪದ್ಮಿನಿ ಟ್ಯಾಕ್ಸಿಯ ನೆತ್ತಿಗೆ ಟ್ರಂಕು ಕಟ್ಟಿಸಿಕೊಂಡು ಬಾಡಿಗೆ ಮನೆ ಸೇರದವರು ವಿರಳ. ಈ ಟ್ಯಾಕ್ಸಿಗಳಲ್ಲಿ ಕೊನೆಯದು ನೋಂದಣಿಯಾದದ್ದು 2003ರ ಅಕ್ಟೋಬರ್ 29ರಂದು. ಟ್ಯಾಕ್ಸಿಗಳಿಗೆ ವಿಧಿಸಿದ್ದ 20 ವರ್ಷಗಳ ಮಿತಿ ತೀರಿ, 2023ರ ಅಕ್ಟೋಬರ್ ಕೊನೆಗೆ ಪದ್ಮಿನಿ ರಸ್ತೆಯಿಂದ ಮರೆಯಾಯಿತು. ಅಂದು ನೆನಪುಗಳಿಗೇನೂ ಬರವಿರಲಿಲ್ಲ. ಆದರೆ ಸಾವಿರಾರು ಗಾಡಿಗಳ ಕಬ್ಬಿಣ, ಸೀಸ, ಎಣ್ಣೆ ಎಲ್ಲಿ ಹೋದವೆಂದು ಕೇಳಿದವರು ಕಡಿಮೆ, ನಾವೂ ಕೇಳಲಿಲ್ಲ.

ಈ ಕಾರಿನ ವಂಶವೃಕ್ಷದಲ್ಲಿ ನಮ್ಮವರೊಬ್ಬರಿದ್ದಾರೆ. 1935ರಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರು ಯುರೋಪು, ಅಮೆರಿಕಗಳ ಕಾರ್ಖಾನೆಗಳನ್ನು ಕಂಡುಬಂದು ಮೋಟಾರು ಉದ್ಯಮದ ಯೋಜನೆಯೊಂದನ್ನು ರೂಪಿಸಿದರು. ಅದನ್ನು ಬೆಂಗಳೂರಿನಲ್ಲಿ ನೆಲೆಗೊಳಿಸುವ ಯತ್ನಕ್ಕೆ ಬ್ರಿಟಿಷ್ ಸರ್ಕಾರ ಒಪ್ಪಲಿಲ್ಲ. ಆ ಕನಸಿನಲ್ಲಿ ಜೊತೆಗಾರರಾಗಿದ್ದ ವಾಲ್‌ಚಂದ್ ಹೀರಾಚಂದರು 1944ರಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ ಸ್ಥಾಪಿಸಿದರು. ಕಾರ್ಖಾನೆ ಕುರ್ಲಾದಲ್ಲಿ ಎದ್ದಿತು. ಫಿಯೆಟ್ ಮೂಲದ ಅದರ ಕಾರು 1974ರಿಂದ ಪದ್ಮಿನಿಯೆನಿಸಿತು. ಕಾರನ್ನು ನಮ್ಮಲ್ಲೇ ತಯಾರಿಸಬಹುದೇ ಎಂಬುದು ಆ ಪೀಳಿಗೆಯ ಪ್ರಶ್ನೆ. ಸವೆದ ಮೇಲೆ ಅದರ ಗತಿಯೇನು ಎಂಬುದು ಆಗಿನ್ನೂ ಇಲ್ಲಿ ಮುನ್ನೆಲೆಗೆ ಬಂದಿರಲಿಲ್ಲವಾದ್ದರಿಂದ ಹಿರಿಯರನ್ನು ದೂರುವುದು ಸಲ್ಲದು.

ನಮ್ಮ ಕಣ್ಣಿಗೆ ಮೊದಲು ಬಿದ್ದದ್ದು ಹೊಗೆ. 1998ರ ಜುಲೈನಲ್ಲಿ ಸುಪ್ರೀಂ ಕೋರ್ಟು ದೆಹಲಿಯ ಬಸ್ಸುಗಳಿಗೆ ಸಿಎನ್‌ಜಿ ಕಡ್ಡಾಯಗೊಳಿಸಿತು. ಮುಂಬಯಿಯಲ್ಲಿ ಹೊಗೆಪೀಡಿತ ನಿವಾಸಿಗಳ ವೇದಿಕೆ 1999ರಲ್ಲಿ ಹೈಕೋರ್ಟಿನ ಮೊರೆಹೊಕ್ಕಿತು. ಮುಂದೆ ಹಳೆಯ ಟ್ಯಾಕ್ಸಿಗಳ ಡಿಕ್ಕಿಯಲ್ಲಿ ಅನಿಲದ ಸಿಲಿಂಡರು ಬಂದು ಕೂತಿತು. ಟ್ರಂಕು ಮತ್ತೆ ನೆತ್ತಿಗೇರಿತು, ಅಷ್ಟೇ. 2000ದ ಫೆಬ್ರವರಿಯಿಂದ ದೇಶಾದ್ಯಂತ ಸೀಸರಹಿತ ಪೆಟ್ರೋಲು ಬಂದದ್ದು ಇನ್ನೂ ದೊಡ್ಡ ಗೆಲುವು.

ಆದರೆ ಕಾರಿನ ಕೇಡು ಕೊಳವೆಯ ತುದಿಯಲ್ಲಿ ಮಾತ್ರ ಇರುವುದಲ್ಲ. ಅದಿರು ತೆಗೆದು, ಉಕ್ಕು ಕಾಯಿಸಿ ಮಾಡಿದ ಗಾಡಿ ರಸ್ತೆಗಿಳಿಯುವ ಮೊದಲೇ ಪ್ರಕೃತಿಯಿಂದ ಸಾಲ ಪಡೆದಿರುತ್ತದೆ. ಬಾಗಿದ ಬಂಪರನ್ನು ಬಡಿದು ನೇರಮಾಡಿ, ಎಂಜಿನ್ನನ್ನು ಮತ್ತೆಮತ್ತೆ ಬಿಚ್ಚಿ ಕಟ್ಟಿ ದಶಕಗಳ ಕಾಲ ಓಡಿಸಿದ ಮೇಸ್ತ್ರಿಗಳು ತಮಗೇ ಅರಿವಿಲ್ಲದೆ ಆ ಸಾಲವನ್ನು ತೀರಿಸುತ್ತಿದ್ದರು. ವಯೋಮಿತಿಯ ಕಾನೂನು ಹೊಗೆಯನ್ನು ಇಳಿಸಿತು, ನಿಜ. ಈ ದುರಸ್ತಿಯ ಲೆಕ್ಕವನ್ನು ಮಾತ್ರ ಅದು ಹಿಡಿಯಲಿಲ್ಲವೆಂದೇ ನಮ್ಮ ಭಾವನೆ.

ಗುಜರಿಯ ಲೋಕ ನಮಗೆ ಅಪರಿಚಿತವೇನಲ್ಲ. ದೆಹಲಿಯವರಿಗೆ ಮಾಯಾಪುರಿ, ಚೆನ್ನೈಯವರಿಗೆ ಪುದುಪೇಟೆ, ಮುಂಬಯಿಯವರಿಗೆ ಅದೇ ಕುರ್ಲಾ. ಅಲ್ಲಿ ವ್ಯರ್ಥವಾಗುವುದು ಕಡಿಮೆ: ಬಾಗಿಲು, ಗೇರ್‌ಬಾಕ್ಸು, ದೀಪ, ಎಲ್ಲಕ್ಕೂ ಗಿರಾಕಿಯುಂಟು. ಆದರೆ ಇಂಥ ಗಲ್ಲಿಗಳಲ್ಲಿ ಬಸಿದ ಎಣ್ಣೆ ಮಣ್ಣಿಗಿಳಿಯುತ್ತದೆ, ಬ್ಯಾಟರಿಯ ಆಮ್ಲ ಮೋರಿ ಸೇರುತ್ತದೆ, ಬರಿಗೈಯ ಹುಡುಗರು ಗ್ಯಾಸ್ ಕಟರು ಹಿಡಿಯುತ್ತಾರೆ.

ವಾಹನ ಗುಜರಿ ಕೇಂದ್ರಗಳಿಗೆ ನಿಯಮ ಬಂದದ್ದು 2021ರಲ್ಲಿ. 2025ರ ಏಪ್ರಿಲ್ 1ರಿಂದ ಜಾರಿಯಾದ ನಿಯಮಗಳು ಮೊದಲ ಬಾರಿಗೆ ತಯಾರಕರನ್ನೇ ಹೊಣೆಯಾಗಿಸಿವೆ: ತಮ್ಮ ವಾಹನಗಳಿಗೆ ಬಳಸಿದ ಉಕ್ಕಿನ ನಿಗದಿತ ಪಾಲು ಮರಳಿ ಕುಲುಮೆಗೆ ಸೇರುವಂತೆ ಅವರು ನೋಡಿಕೊಳ್ಳಬೇಕು. ಪದ್ಮಿನಿಯ ಪಾಲಿಗೆ ಅದು ತಡವಾಗಿ ಬಂತು. ಅದರ ತಯಾರಿಕೆ ಶತಮಾನದ ತಿರುವಿನಲ್ಲೇ ನಿಂತಿತ್ತು. ಕುರ್ಲಾದ ಆ ಕಾರ್ಖಾನೆಯ ನೆಲದಲ್ಲಿ ಈಗ ವಸತಿ ಕಟ್ಟಡಗಳಿವೆ, ಅವುಗಳ ಕೆಳಗೆ ಸಾಲುಸಾಲು ಹೊಸ ಕಾರುಗಳು.