ಅರ್ಧ ಮನೆ, ಅರ್ಧ ಶಾಲೆ

ಹೈಬ್ರಿಡ್ ಎಂಬ ಮಾತು ನಮ್ಮ ರೈತರಿಗೆ ಹೊಸದಲ್ಲ. ಜೋಳ, ಹತ್ತಿ, ಟೊಮೆಟೊ ಬೀಜದ ಚೀಲದ ಜೊತೆಗೆ ಅದು ಹಳ್ಳಿ ಹಳ್ಳಿಗೆ ಬಂದು ದಶಕಗಳೇ ಕಳೆದಿವೆ. ಎರಡು ತಳಿಗಳ ಗುಣವನ್ನು ಒಂದೇ ಗಿಡದಲ್ಲಿ ಕೂಡಿಸಿದರೆ ಅದು ಹೈಬ್ರಿಡ್. 2020ರಲ್ಲಿ ಕೊರೊನಾ ಕಾಲಿಟ್ಟ ಮೇಲೆ ಈ ಮಾತು ಹೊಲ ದಾಟಿ ಶಾಲೆಯ ಅಂಗಳಕ್ಕೂ ಬಂತು. ಅರ್ಧ ಮಕ್ಕಳು ತರಗತಿಯಲ್ಲಿ, ಉಳಿದರ್ಧ ಮನೆಯಲ್ಲಿ. ಇಂದು ಬೆಂಚಿನ ಮೇಲೆ ಕುಳಿತವನು ನಾಳೆ ಮೊಬೈಲಿನ ಮುಂದೆ. ಎರಡು ಬಗೆಯ ಕಲಿಕೆಯನ್ನು ಒಂದೇ ವೇಳಾಪಟ್ಟಿಯಲ್ಲಿ ಕೂಡಿಸಿದ ಈ ಏರ್ಪಾಡಿಗೆ ಹೈಬ್ರಿಡ್ ಶಿಕ್ಷಣ ಎಂದು ಹೆಸರಾಯಿತು.

ಆ ದಿನಗಳಲ್ಲಿ ವಿಶ್ವದಾದ್ಯಂತ ಸುಮಾರು 160 ಕೋಟಿ ವಿದ್ಯಾರ್ಥಿಗಳು ಶಾಲೆ ಕಾಲೇಜುಗಳಿಂದ ಹೊರಗುಳಿದಿದ್ದರು ಎಂದು ಯುನೆಸ್ಕೊ ಲೆಕ್ಕ ಹಾಕಿತು. ಇಷ್ಟು ದೊಡ್ಡ ಪ್ರಮಾಣದಲ್ಲಿ ಶಾಲೆಗಳು ಮುಚ್ಚಿದ್ದು ಅದೇ ಮೊದಲು. ಹಾಗೆಂದು ಪ್ರಶ್ನೆಯೂ ಹೊಸದೇ? ರೋಗ ಊರಿಗೆ ಬಂದಾಗ ಶಾಲೆಯನ್ನು ತೆರೆದಿಡಬೇಕೆ, ಮುಚ್ಚಬೇಕೆ, ಅಥವಾ ಅರ್ಧ ತೆರೆದು ಅರ್ಧ ಮುಚ್ಚಬೇಕೆ ಎಂಬ ಚರ್ಚೆಗೆ ನೂರು ವರ್ಷಕ್ಕೂ ಮೀರಿದ ಇತಿಹಾಸವಿದೆ. ಆ ಇತಿಹಾಸವನ್ನು ಬಿಡಿಸಿ ನೋಡಿದರೆ ಒಂದು ಅಂಶ ಎದ್ದು ಕಾಣುತ್ತದೆ. ಶಾಲೆಯ ಬಾಗಿಲಿನ ಪ್ರಶ್ನೆ ಕೊನೆಗೆ ಮನೆಯ ಪ್ರಶ್ನೆಯಾಗಿಯೇ ನಿಲ್ಲುತ್ತದೆ.

ಕಿಟಕಿ ತೆರೆದ ಶಾಲೆ

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಯೂರೋಪು, ಅಮೆರಿಕಗಳ ನಗರಗಳನ್ನು ಕಾಡುತ್ತಿದ್ದದ್ದು ಕ್ಷಯ. ಔಷಧಿ ಇಲ್ಲದ ಆ ಕಾಲದಲ್ಲಿ ಶುದ್ಧ ಗಾಳಿ, ಬಿಸಿಲು, ಒಳ್ಳೆಯ ಊಟ ಇವೇ ಚಿಕಿತ್ಸೆ. 1904ರಲ್ಲಿ ಜರ್ಮನಿಯ ಬರ್ಲಿನ್ ಬಳಿಯ ಷಾರ್ಲೊಟೆನ್‌ಬುರ್ಗ್‌ನಲ್ಲಿ ಕಾಡಿನ ನಡುವೆ ಒಂದು ಶಾಲೆ ಆರಂಭವಾಯಿತು. ದುರ್ಬಲ ಮಕ್ಕಳು ಮರಗಳ ಕೆಳಗೆ ಕುಳಿತು ಪಾಠ ಕೇಳಿದರು.

ನಾಲ್ಕು ವರ್ಷಗಳ ನಂತರ, 1908ರ ಚಳಿಗಾಲದಲ್ಲಿ, ಅಮೆರಿಕದ ರೋಡ್ ಐಲೆಂಡ್ ರಾಜ್ಯದ ಪ್ರಾವಿಡೆನ್ಸ್ ನಗರದಲ್ಲಿ ಇಬ್ಬರು ವೈದ್ಯೆಯರು ಇದೇ ಪ್ರಯೋಗಕ್ಕೆ ಕೈ ಹಾಕಿದರು. ಮೇರಿ ಪ್ಯಾಕರ್ಡ್ ಮತ್ತು ಎಲೆನ್ ಸ್ಟೋನ್ ಅವರ ಒತ್ತಾಯಕ್ಕೆ ಮಣಿದ ನಗರಾಡಳಿತ ಬಳಕೆಯಲ್ಲಿಲ್ಲದ ಇಟ್ಟಿಗೆಯ ಕಟ್ಟಡವೊಂದನ್ನು ಶಾಲೆಗೆ ಕೊಟ್ಟಿತು. ನೆಲದಿಂದ ಛಾವಣಿಯವರೆಗೆ ಕಿಟಕಿ. ಅದೂ ಕೊರೆಯುವ ಚಳಿಯಲ್ಲಿ ಸದಾ ತೆರೆದದ್ದು. ಮಕ್ಕಳು ದಪ್ಪ ಚೀಲದೊಳಗೆ ಕಾಲಿಟ್ಟು, ಕಾಯಿಸಿದ ಬಳಪದ ಕಲ್ಲನ್ನು ಪಾದದಡಿ ಇಟ್ಟುಕೊಂಡು ಓದಿದರು. ಎರಡೇ ವರ್ಷಗಳಲ್ಲಿ ಇಂಥ ಹತ್ತಾರು ಬಯಲು ಶಾಲೆಗಳು ಅಮೆರಿಕದಲ್ಲಿ ಹುಟ್ಟಿಕೊಂಡವು. ರೋಗಕ್ಕೆ ಹೆದರಿ ಶಾಲೆ ಮುಚ್ಚುವ ಬದಲು ಶಾಲೆಯ ಗೋಡೆಯನ್ನೇ ತೆರೆಯುವುದು ಇವರ ಉತ್ತರವಾಗಿತ್ತು.

1918ರಲ್ಲಿ ಇನ್‌ಫ್ಲುಯೆಂಜಾ ಬಂದಾಗ ಪ್ರಶ್ನೆ ಇನ್ನಷ್ಟು ಕಠಿಣವಾಯಿತು. ಅಮೆರಿಕದ ಬಹುತೇಕ ನಗರಗಳು ಶಾಲೆಗಳಿಗೆ ಬೀಗ ಹಾಕಿದವು. ದೊಡ್ಡ ನಗರಗಳ ಪೈಕಿ ನ್ಯೂಯಾರ್ಕ್, ಷಿಕಾಗೊ, ನ್ಯೂ ಹೇವನ್ ಮಾತ್ರ ಹಾಗೆ ಮಾಡಲಿಲ್ಲ. ನ್ಯೂಯಾರ್ಕಿನ ಆರೋಗ್ಯಾಧಿಕಾರಿ ರಾಯಲ್ ಕೋಪ್‌ಲ್ಯಾಂಡ್ ಕೊಟ್ಟ ಕಾರಣ ಇಂದಿಗೂ ಯೋಚಿಸುವಂತಿದೆ. ನಗರದ ಸುಮಾರು ಹತ್ತು ಲಕ್ಷ ಶಾಲಾ ಮಕ್ಕಳಲ್ಲಿ ಏಳೂವರೆ ಲಕ್ಷ ಮಕ್ಕಳ ಮನೆಗಳು ಇಕ್ಕಟ್ಟಾದ ವಠಾರಗಳಲ್ಲಿದ್ದವು. ಬೆಳಕು, ಗಾಳಿ ಇಲ್ಲದ ಆ ಕೋಣೆಗಳಿಗಿಂತ ಶಾಲೆಯ ಕೋಣೆಯೇ ಆರೋಗ್ಯಕರ. ಅಲ್ಲಿ ದಿನವೂ ಮಕ್ಕಳನ್ನು ಪರೀಕ್ಷಿಸಲು ದಾದಿಯರು, ವೈದ್ಯರು ಇರುತ್ತಾರೆ ಎಂಬುದು ಅವರ ವಾದ. ಈ ತಪಾಸಣೆಯ ವ್ಯವಸ್ಥೆಯನ್ನು ಕಟ್ಟಿದ ಕೀರ್ತಿ ನಗರದ ಮಕ್ಕಳ ಆರೋಗ್ಯ ವಿಭಾಗದ ಮುಖ್ಯಸ್ಥೆ ಡಾ. ಜೋಸೆಫಿನ್ ಬೇಕರ್ ಅವರಿಗೆ ಸಲ್ಲುತ್ತದೆ.

ಕೋಪ್‌ಲ್ಯಾಂಡ್ ಅವರನ್ನು ಟೀಕಿಸಿದವರೂ ಇದ್ದರು. ಆದರೆ ಅವರ ಲೆಕ್ಕಾಚಾರದ ಸೂಕ್ಷ್ಮವನ್ನು ಮರೆಯುವಂತಿಲ್ಲ. ಶಾಲೆ ಮುಚ್ಚಿದರೆ ಮಗು ಎಲ್ಲಿಗೆ ಹೋಗುತ್ತದೆ ಎಂಬ ಪ್ರಶ್ನೆಯನ್ನು ಅವರು ಮೊದಲು ಕೇಳಿಕೊಂಡಿದ್ದರು.

ರೇಡಿಯೊ ಮೇಷ್ಟರು

ಪಾಠವೇ ಮಗುವಿನ ಮನೆಗೆ ಹೋದರೆ ಹೇಗೆ? ಈ ಯೋಚನೆ ದೊಡ್ಡ ಪ್ರಮಾಣದಲ್ಲಿ ಕಾರ್ಯರೂಪಕ್ಕೆ ಬಂದದ್ದು 1937ರಲ್ಲಿ, ಷಿಕಾಗೊ ನಗರದಲ್ಲಿ.

ಆ ವರ್ಷ ಬೇಸಿಗೆಯ ಕೊನೆಗೆ ಅಲ್ಲಿ ಪೋಲಿಯೊ ಹಬ್ಬಿತು. ಲಸಿಕೆ ಬರಲು ಇನ್ನೂ 18 ವರ್ಷ ಬೇಕಿತ್ತು. ಜೋನಸ್ ಸಾಲ್ಕ್ ಅವರ ಲಸಿಕೆಗೆ ಅನುಮತಿ ಸಿಕ್ಕಿದ್ದು 1955ರಲ್ಲಿ. ಅಲ್ಲಿಯವರೆಗೆ ಮಕ್ಕಳನ್ನು ಗುಂಪಿನಿಂದ ದೂರ ಇಡುವುದೊಂದೇ ದಾರಿ. ಸೆಪ್ಟೆಂಬರಿನಲ್ಲಿ ಆರಂಭವಾಗಬೇಕಿದ್ದ ಶಾಲೆಗಳನ್ನು ಆರೋಗ್ಯ ಮಂಡಳಿ ಮುಂದೂಡಿತು. ಆಗ ಶಾಲಾ ವ್ಯವಸ್ಥೆಯ ಮುಖ್ಯಸ್ಥರಾಗಿದ್ದ ವಿಲಿಯಂ ಜಾನ್ಸನ್ ಮತ್ತು ಅವರ ಸಹೋದ್ಯೋಗಿಗಳು ರೇಡಿಯೊ ಕೇಂದ್ರಗಳ ಮೊರೆ ಹೋದರು. ನಗರದ ಹಲವು ಕೇಂದ್ರಗಳು ಉಚಿತವಾಗಿ ಸಮಯ ನೀಡಿದವು. ಸೆಪ್ಟೆಂಬರ್ 13ರಂದು ರೇಡಿಯೊ ಶಾಲೆಯ ಮೊದಲ ಗಂಟೆ ಬಾರಿಸಿತು.

ಮೂರರಿಂದ ಎಂಟನೆಯ ತರಗತಿಯವರೆಗಿನ ಮೂರು ಲಕ್ಷಕ್ಕೂ ಹೆಚ್ಚು ಮಕ್ಕಳು ಈ ಶಾಲೆಯ ವಿದ್ಯಾರ್ಥಿಗಳು. ಒಂದೊಂದು ಪಾಠ 15 ನಿಮಿಷ. ಯಾವ ತರಗತಿಗೆ ಯಾವ ಕೇಂದ್ರದಲ್ಲಿ ಎಷ್ಟು ಗಂಟೆಗೆ ಪಾಠ ಎಂಬುದನ್ನು ಪತ್ರಿಕೆಗಳು ಬೆಳಿಗ್ಗೆ ಅಚ್ಚು ಹಾಕುತ್ತಿದ್ದವು. ಸೋಮವಾರ, ಬುಧವಾರ, ಶುಕ್ರವಾರ ಸಮಾಜ ಮತ್ತು ವಿಜ್ಞಾನ. ಮಂಗಳವಾರ, ಗುರುವಾರ, ಶನಿವಾರ ಇಂಗ್ಲಿಷ್ ಮತ್ತು ಗಣಿತ. ಪಾಠ ಹೇಳುವವರ ಉಚ್ಚಾರಣೆ ಸ್ಪಷ್ಟವಾಗಿದೆಯೆ, ಬಳಸುವ ಮಾತು ಮಕ್ಕಳ ಮಟ್ಟಕ್ಕಿದೆಯೆ ಎಂದು ಪರಿಶೀಲಿಸಲು ಪ್ರತಿ ಪ್ರಸಾರಕ್ಕೂ ಇಬ್ಬರು ಮುಖ್ಯೋಪಾಧ್ಯಾಯರು ಕಿವಿಗೊಟ್ಟು ಕೂರುತ್ತಿದ್ದರು. ಪೋಷಕರ ಸಂದೇಹಗಳಿಗೆ ಉತ್ತರಿಸಲು 16 ಶಿಕ್ಷಕರನ್ನು ದೂರವಾಣಿಯ ಬಳಿ ಕೂರಿಸಲಾಯಿತು. ಮೊದಲ ದಿನವೇ ಸಾವಿರಕ್ಕೂ ಹೆಚ್ಚು ಕರೆ ಬಂದದ್ದರಿಂದ ಇನ್ನೂ ಐವರನ್ನು ಸೇರಿಸಬೇಕಾಯಿತು.

ಪ್ರಯೋಗವನ್ನು ಬಹಳ ಮಂದಿ ಮೆಚ್ಚಿದರು. ಆದರೆ ಕೊರತೆಗಳೂ ಬೇಗನೆ ಬಯಲಾದವು. ರೇಡಿಯೊ ಮೇಷ್ಟರು ಹೇಳುತ್ತಾರೆ, ಕೇಳಿಸಿಕೊಳ್ಳುವುದಿಲ್ಲ. ಅರ್ಥವಾಗದಿದ್ದರೆ ಕೈ ಎತ್ತುವಂತಿಲ್ಲ. ಒಮ್ಮೆ ತಪ್ಪಿದ ಮಾತು ಮತ್ತೆ ಸಿಗದು. ಮನೆಯಲ್ಲಿ ಪಕ್ಕದಲ್ಲಿ ಕುಳಿತು ಹೇಳಿಕೊಡುವ ದೊಡ್ಡವರಿದ್ದರೆ ಸರಿ; ಇಲ್ಲದ ಮಗು ಹಿಂದೆ ಬಿತ್ತು. ರೇಡಿಯೊವೇ ಇಲ್ಲದ ಮನೆಗಳೂ, ಪ್ರಸಾರ ಸರಿಯಾಗಿ ಕೇಳಿಸದ ಮನೆಗಳೂ ಇದ್ದವು. ಮೂರು ವಾರ ತುಂಬುವುದರೊಳಗೆ ಶಾಲೆಗಳು ತೆರೆದವು, ರೇಡಿಯೊ ಶಾಲೆ ಮುಗಿಯಿತು. ಆದರೆ ಅದು ಎತ್ತಿದ ಪ್ರಶ್ನೆ ಮುಗಿಯಲಿಲ್ಲ.

ಪ್ರೌಢಶಾಲೆಯ ಪೇಚು

2020ರಲ್ಲಿ ರೇಡಿಯೊದ ಜಾಗದಲ್ಲಿ ಕಂಪ್ಯೂಟರು, ಮೊಬೈಲುಗಳಿದ್ದವು. ಈಗ ಮಗು ಕೈ ಎತ್ತಬಹುದಿತ್ತು, ಪ್ರಶ್ನೆ ಕೇಳಬಹುದಿತ್ತು. ಆದ್ದರಿಂದಲೇ ಅರ್ಧ ಶಾಲೆ, ಅರ್ಧ ಮನೆ ಎಂಬ ಏರ್ಪಾಡು ಸಾಧ್ಯವೆನಿಸಿತು. ಅಮೆರಿಕದ ಅನೇಕ ಪ್ರೌಢಶಾಲೆಗಳು ವಿದ್ಯಾರ್ಥಿಗಳನ್ನು ಎರಡು ಗುಂಪು ಮಾಡಿದವು. ಒಂದು ಗುಂಪು ವಾರದಲ್ಲಿ ಎರಡು ದಿನ ಬಂದರೆ ಇನ್ನೊಂದು ಗುಂಪು ಬೇರೆರಡು ದಿನ. ಉಳಿದ ದಿನ ಮನೆಯಲ್ಲೇ ಪಾಠ.

ಕಿರಿಯರ ಶಾಲೆಗಳು ಪೂರ್ಣವಾಗಿ ತೆರೆದ ಮೇಲೂ ಅಲ್ಲಿನ ಎಷ್ಟೋ ಪ್ರೌಢಶಾಲೆಗಳು ಈ ಪದ್ಧತಿಯನ್ನೇ ಮುಂದುವರಿಸಲು ತೀರ್ಮಾನಿಸಿದವು. ಇದಕ್ಕೆ ಕಾರಣವಿದೆ. ಕಿರಿಯ ಮಕ್ಕಳು ದಿನವಿಡೀ ಒಂದೇ ಕೋಣೆಯಲ್ಲಿ, ಒಬ್ಬರೇ ಶಿಕ್ಷಕರ ಬಳಿ ಇರುತ್ತಾರೆ. ಸೋಂಕು ಬಂದರೆ ಆ ಒಂದು ಕೋಣೆಯನ್ನು ಪ್ರತ್ಯೇಕಿಸಬಹುದು. ಅಮೆರಿಕದ ಪ್ರೌಢಶಾಲೆಯಲ್ಲಿ ಹಾಗಲ್ಲ. ಅಲ್ಲಿ ಶಿಕ್ಷಕರು ತರಗತಿಗೆ ಬರುವುದಿಲ್ಲ. ಪ್ರತಿ ಗಂಟೆಗೂ ವಿದ್ಯಾರ್ಥಿಗಳೇ ಕೋಣೆ ಬದಲಿಸುತ್ತಾರೆ, ಪ್ರತಿ ಕೋಣೆಯಲ್ಲೂ ಸಹಪಾಠಿಗಳು ಬೇರೆ. ಒಬ್ಬನಿಗೆ ಸೋಂಕು ತಗುಲಿದರೆ ಆರೇಳು ತರಗತಿಗಳಿಗೆ ಆತಂಕ. ಹದಿಹರೆಯದವರಿಂದ ಸೋಂಕು ಹರಡುವ ಸಾಧ್ಯತೆ ಚಿಕ್ಕ ಮಕ್ಕಳಿಗಿಂತ ಹೆಚ್ಚು ಎಂಬ ಅಭಿಪ್ರಾಯವೂ ಆಗ ಬಲವಾಗಿತ್ತು.

ಜಾಗದ ಲೆಕ್ಕವೂ ಇತ್ತು. ಡೆಸ್ಕುಗಳ ನಡುವೆ ಆರು ಅಡಿ ಅಂತರವಿರಬೇಕು ಎಂದರೆ ತರಗತಿಯಲ್ಲಿ ಹಿಡಿಯುವುದು ಸುಮಾರು ಅರ್ಧ ಮಕ್ಕಳು ಮಾತ್ರ. 2021ರ ಮಾರ್ಚ್ 19ರಂದು ಅಮೆರಿಕದ ರೋಗ ನಿಯಂತ್ರಣ ಕೇಂದ್ರ ಈ ಅಂತರವನ್ನು ಮೂರು ಅಡಿಗೆ ಇಳಿಸಿತು. ಆಗಲೂ, ಸೋಂಕು ತೀವ್ರವಾಗಿರುವ ಕಡೆ ಮಕ್ಕಳನ್ನು ಸ್ಥಿರ ಗುಂಪುಗಳಾಗಿ ಇರಿಸಲು ಆಗದ ಪ್ರೌಢಶಾಲೆಗಳಿಗೆ ಆರು ಅಡಿಯ ನಿಯಮವನ್ನೇ ಉಳಿಸಿತು. ಮೂರು ಅಡಿಯ ವ್ಯತ್ಯಾಸದಲ್ಲಿ ಒಂದು ಶಾಲೆಯ ಇಡೀ ವೇಳಾಪಟ್ಟಿ ನಿಂತಿತ್ತು!

ಶಿಕ್ಷಕರ ಪಾಡು ಇನ್ನೊಂದು ಬಗೆಯದು. ಎದುರಿಗೆ ಕುಳಿತ ಹತ್ತು ಮಕ್ಕಳನ್ನೂ ಪರದೆಯ ಮೇಲಿನ ಹದಿನೈದು ಮಕ್ಕಳನ್ನೂ ಒಂದೇ ಹೊತ್ತಿಗೆ ನೋಡಿಕೊಳ್ಳುವುದೆಂದರೆ ಎರಡು ದೋಣಿಯಲ್ಲಿ ಕಾಲಿಟ್ಟಂತೆ.

ಜಗಲಿಯ ಮೇಲೆ ವಿದ್ಯಾಗಮ

ಕರ್ನಾಟಕಕ್ಕೆ ಬರೋಣ. 2020ರ ಮಾರ್ಚ್‌ನಲ್ಲಿ ನಮ್ಮ ಶಾಲೆಗಳೂ ಮುಚ್ಚಿದವು. ಮಾರ್ಚ್ 27ಕ್ಕೆ ಆರಂಭವಾಗಬೇಕಿದ್ದ ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಂದಕ್ಕೆ ಹೋಗಿ ಜೂನ್ 25ರಂದು ಶುರುವಾಯಿತು. ಎಂಟು ಲಕ್ಷಕ್ಕೂ ಮೀರಿದ ವಿದ್ಯಾರ್ಥಿಗಳು ಮುಖಗವಸು ಧರಿಸಿ, ಬಾಗಿಲಲ್ಲಿ ಜ್ವರ ಪರೀಕ್ಷೆ ಮಾಡಿಸಿಕೊಂಡು ಒಳಗೆ ಹೋದರು. ಪರೀಕ್ಷೆ ಮುಗಿದರೂ ತರಗತಿಗಳು ತೆರೆಯಲಿಲ್ಲ. ದೂರದರ್ಶನದ ಚಂದನ ವಾಹಿನಿ 'ಸೇತುಬಂಧ' ಎಂಬ ಹೆಸರಿನಲ್ಲಿ ಪ್ರೌಢಶಾಲೆಯ ಪಾಠ ಬಿತ್ತರಿಸಿತು. ಅದು ಷಿಕಾಗೊದ ರೇಡಿಯೊ ಶಾಲೆಯ ಮೊಮ್ಮಗಳೇ ಸರಿ.

ಆಗಸ್ಟ್‌ನಲ್ಲಿ 'ವಿದ್ಯಾಗಮ' ಬಂತು. ಶಿಕ್ಷಣ ಇಲಾಖೆ ಮಕ್ಕಳನ್ನು ಮೂರು ಬಗೆಯಾಗಿ ವಿಂಗಡಿಸಿತು: ಮನೆಯಲ್ಲಿ ಇಂಟರ್‌ನೆಟ್ ಇರುವ ಮೊಬೈಲ್ ಉಳ್ಳವರು, ಸಾದಾ ಮೊಬೈಲ್ ಉಳ್ಳವರು, ಯಾವುದೂ ಇಲ್ಲದವರು. ಮಕ್ಕಳು ಶಾಲೆಗೆ ಬರುವಂತಿಲ್ಲವಾದ್ದರಿಂದ ಶಿಕ್ಷಕರೇ ಅವರಿದ್ದಲ್ಲಿಗೆ ಹೋದರು. ದೇವಸ್ಥಾನದ ಪ್ರಾಂಗಣ, ಮನೆಯ ಜಗಲಿ, ಸಮುದಾಯ ಭವನ, ಆಲದ ಕಟ್ಟೆ, ಎಲ್ಲವೂ ತರಗತಿಯಾದವು. 1908ರ ಪ್ರಾವಿಡೆನ್ಸ್ ಕಿಟಕಿ ತೆರೆದಿತ್ತು. ನಮ್ಮಲ್ಲಿ ಗೋಡೆಯೇ ಇರಲಿಲ್ಲ.

ಈ ಪ್ರಯೋಗಕ್ಕೆ ಮೆಚ್ಚುಗೆಯೂ ಬಂತು, ಪೆಟ್ಟೂ ಬಿತ್ತು. ಮಕ್ಕಳಿಗೆ, ಶಿಕ್ಷಕರಿಗೆ ಸೋಂಕು ತಗುಲಿದ, ಶಿಕ್ಷಕರು ಸತ್ತ ವರದಿಗಳು ಬಂದಾಗ ಅಕ್ಟೋಬರ್‌ನಲ್ಲಿ ಸರ್ಕಾರ ವಿದ್ಯಾಗಮವನ್ನು ನಿಲ್ಲಿಸಿತು. 2021ರ ಜನವರಿ 1ರಂದು ಹತ್ತನೆಯ ತರಗತಿ ಮತ್ತು ದ್ವಿತೀಯ ಪಿಯು ತರಗತಿಗಳು ತೆರೆದವು. ಆರರಿಂದ ಒಂಬತ್ತನೆಯ ತರಗತಿಗೆ ವಿದ್ಯಾಗಮ ಮರಳಿತು. ಏಪ್ರಿಲ್‌ನಲ್ಲಿ ಎರಡನೆಯ ಅಲೆ ಎಲ್ಲವನ್ನೂ ಮತ್ತೆ ಮುಚ್ಚಿಸಿತು.

ಆಗಸ್ಟ್ 23ರಂದು ಒಂಬತ್ತು, ಹತ್ತನೆಯ ತರಗತಿಗಳೂ ಪಿಯು ಕಾಲೇಜುಗಳೂ ಮತ್ತೆ ತೆರೆದವು. ಸೋಂಕಿನ ಪ್ರಮಾಣ ಶೇ 2ಕ್ಕಿಂತ ಕಡಿಮೆ ಇದ್ದ ಜಿಲ್ಲೆಗಳಲ್ಲಿ ಮಾತ್ರ. ಮಕ್ಕಳು ತಂಡ ತಂಡವಾಗಿ ಬರಬೇಕು, ಪೋಷಕರ ಒಪ್ಪಿಗೆ ಪತ್ರ ತರಬೇಕು. ಬರಲು ಇಷ್ಟವಿಲ್ಲದವರಿಗೆ ಆನ್‌ಲೈನ್ ಪಾಠ ಮುಂದುವರಿಯಿತು. ನಮ್ಮ ಪ್ರೌಢಶಾಲೆಗಳೂ ಹೀಗೆ ಹೈಬ್ರಿಡ್ ಆದವು.

ಕೊಡೆ ಹಿಡಿದ ಅಪ್ಪ

ಆದರೆ ಈ ಆಯ್ಕೆ ಯಾರಿಗೆ ನಿಜವಾಗಿ ಇತ್ತು? 'ಅಸರ್' ಸಮೀಕ್ಷೆಯ ಪ್ರಕಾರ 2020ರಲ್ಲಿ ಗ್ರಾಮೀಣ ಭಾರತದಲ್ಲಿ ಶಾಲೆಗೆ ದಾಖಲಾದ ಮಕ್ಕಳ ಪೈಕಿ ಶೇ 61.8ರಷ್ಟು ಮಕ್ಕಳ ಮನೆಯಲ್ಲಿ ಸ್ಮಾರ್ಟ್‌ಫೋನ್ ಇತ್ತು. ಎರಡು ವರ್ಷದ ಹಿಂದೆ ಇದ್ದದ್ದು ಶೇ 36.5. ಏರಿಕೆ ದೊಡ್ಡದೇ. ಆದರೂ ಹತ್ತರಲ್ಲಿ ಸುಮಾರು ನಾಲ್ಕು ಮಕ್ಕಳ ಮನೆಯಲ್ಲಿ ಅದು ಇರಲಿಲ್ಲ. ಇದ್ದ ಮನೆಯಲ್ಲೂ ಫೋನು ಒಂದೇ. ಅಪ್ಪ ಕೆಲಸಕ್ಕೆ ಹೋದರೆ ಫೋನೂ ಹೋಗುತ್ತಿತ್ತು. ಅಣ್ಣ ತಂಗಿ ಇಬ್ಬರಿಗೂ ಒಂದೇ ವೇಳೆಗೆ ಪಾಠವಿದ್ದರೆ ಯಾರ ಕೈಗೆ ಫೋನು ಎಂಬುದನ್ನು ಹಲವು ಮನೆಗಳಲ್ಲಿ ಕೇಳುವ ಅಗತ್ಯವೇ ಇರಲಿಲ್ಲ.

ಮಲೆನಾಡು, ಕರಾವಳಿಗಳಲ್ಲಿ ಫೋನಿದ್ದರೂ ಸಿಗ್ನಲ್ ಇರಲಿಲ್ಲ. ಮಕ್ಕಳು ಗುಡ್ಡ ಹತ್ತಿದರು, ಮರ ಹತ್ತಿದರು. 2021ರ ಜೂನ್‌ನಲ್ಲಿ ಸುಳ್ಯ ತಾಲ್ಲೂಕಿನ ಒಂದು ಚಿತ್ರ ದೇಶದ ಗಮನ ಸೆಳೆಯಿತು. ಸುರಿಯುವ ಮಳೆ, ರಸ್ತೆ ಬದಿಯಲ್ಲಿ ಕುಳಿತು ಪಾಠ ಕೇಳುತ್ತಿರುವ ಹುಡುಗಿ, ಅವಳ ಮೇಲೆ ಕೊಡೆ ಹಿಡಿದು ನಿಂತ ಅಪ್ಪ. ನೋಡಿದವರೆಲ್ಲ ಆ ತಂದೆಯನ್ನು ಹೊಗಳಿದರು. ಹೊಗಳಿಕೆಗೆ ಅವರು ಅರ್ಹರೇ. ಆದರೆ ಕೊಡೆ ಹಿಡಿಯಲು ಬಿಡುವಿಲ್ಲದ ಅಪ್ಪಂದಿರ ಮಕ್ಕಳು ಆ ಚಿತ್ರದಲ್ಲಿರಲಿಲ್ಲ. ಅವರಲ್ಲಿ ಕೆಲವರು ಹೊಲಕ್ಕೆ, ಗಾರೆ ಕೆಲಸಕ್ಕೆ ಹೋಗಿದ್ದರು. ಕೆಲವು ಹೆಣ್ಣುಮಕ್ಕಳಿಗೆ ಆ ಎರಡು ವರ್ಷದೊಳಗೆ ಮದುವೆಯೇ ಆಗಿಹೋಗಿತ್ತು.

1918ರ ನ್ಯೂಯಾರ್ಕ್, 1937ರ ಷಿಕಾಗೊ, 2021ರ ಕರ್ನಾಟಕ ಇವುಗಳನ್ನು ಒಟ್ಟಿಗಿಟ್ಟು ನೋಡಿದಾಗ ತೆರೆದದ್ದು ಸರಿಯೋ ಮುಚ್ಚಿದ್ದು ಸರಿಯೋ ಎಂಬ ಒಂದೇ ಉತ್ತರ ಸಿಗುವುದಿಲ್ಲ. ರೋಗದ ಸ್ವಭಾವ ಬೇರೆ, ಊರಿನ ಸ್ವಭಾವ ಬೇರೆ. ಅರ್ಧ ಶಾಲೆಯನ್ನು ಮುಂದುವರಿಸಿದ ಪ್ರೌಢಶಾಲೆಗಳ ತೀರ್ಮಾನ ಹೇಡಿತನವೂ ಅಲ್ಲ, ಜಾಣತನವಷ್ಟೇ ಅಲ್ಲ. ಅದು ಎರಡು ಅಪಾಯಗಳ ನಡುವೆ ಕಂಡುಕೊಂಡ ಕಾಲುದಾರಿ. ಆದರೆ ಆ ದಾರಿಯಲ್ಲಿ ಮನೆ ಅರ್ಧ ಶಾಲೆಯಾಗಲೇಬೇಕು. ಓದುವ ಮೂಲೆ, ಫೋನು, ಸಿಗ್ನಲ್, ಪಕ್ಕದಲ್ಲಿ ಕೂರುವ ಹಿರಿಯರು ಇರುವ ಮನೆಗೆ ಅದು ಸಾಧ್ಯ. ಇಲ್ಲದ ಮನೆಯ ಮಗುವಿಗೆ ಅರ್ಧ ಶಾಲೆ ಎಂದರೆ ಅರ್ಧ ಮಾತ್ರ.

ಇನ್ನೊಂದು ಪಿಡುಗು ಬರಬಾರದೆಂದೇ ಎಲ್ಲರ ಹಾರೈಕೆ. ಬಂದರೆ, ಶಾಲೆಗೆ ಬೀಗ ಹಾಕುವ ಆದೇಶಕ್ಕೆ ಸಹಿ ಮಾಡುವವರು ನೂರು ವರ್ಷದ ಹಿಂದಿನ ಆ ಆರೋಗ್ಯಾಧಿಕಾರಿಯ ಹಾಗೆ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳುವುದು ಒಳಿತು: ಈ ಮಗು ಇಲ್ಲಿಂದ ಹೊರಟು ಯಾವ ಮನೆಗೆ ಹೋಗುತ್ತದೆ?